ಚಹಾದಲ್ಲಿ ಅದ್ದಿದ ದೆವ್ವ

ಹ್ಯಾಲೋವೀನ್ ಬಗ್ಗೆ ನನ್ನ ತಕರಾರಿಲ್ಲ. ನನ್ನ ಜಗಳ ಆ ಚಹಾದ ಬಕೆಟ್ಟಿನ ಜೊತೆ. ಪಿಎಚ್‌ಡಿಗೆಂದು ಅಮೆರಿಕಕ್ಕೆ ಬಂದ ಮೊದಲ ಅಕ್ಟೋಬರಿನಲ್ಲಿ ನನ್ನ ರೂಮ್‌ಮೇಟ್‌ಗಳು ಅಂಗಡಿಯಿಂದ ಹೊಸ ಚೀಸ್‌ಕ್ಲಾತ್ ತಂದು, ಚಹಾದಲ್ಲಿ ಅದ್ದಿ, ಅಂಚು ಹರಿದು, ಅಂಟು ಹಚ್ಚಿ ಬಲೂನಿನ ಮೇಲೆ ಒಣಗಿಸಿ ದೆವ್ವ ಮಾಡಿದರು. ಹೊಸ ಬಟ್ಟೆಗೆ ಹಳತರ ವೇಷ! ಅದೇ ವಾರ ಮಾಸಿದ ಬೆಡ್‌ಶೀಟೊಂದು ಕಸಕ್ಕೆ ಹೋಗಿತ್ತು.

ಬಿಳಿ ಬೆಡ್‌ಶೀಟಿನ ದೆವ್ವ ಸುಮ್ಮನೆ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಬಡವರನ್ನು ಬಹುಕಾಲ ಪೆಟ್ಟಿಗೆಯಿಲ್ಲದೆ ಬರೀ ಬಟ್ಟೆಯಲ್ಲಿ ಸುತ್ತಿ ಹೂಳುತ್ತಿದ್ದರು. ಎದ್ದು ಬಂದರೆ ಆ ಬಟ್ಟೆಯಲ್ಲೇ ಬರಬೇಕಲ್ಲ. 1666ರಲ್ಲಿ ಅಲ್ಲಿನ ಪಾರ್ಲಿಮೆಂಟು ಉಣ್ಣೆ ವ್ಯಾಪಾರ ಉಳಿಸಲು, ಹೆಣಕ್ಕೂ ಉಣ್ಣೆಯನ್ನೇ ಸುತ್ತಬೇಕೆಂದು ಕಾನೂನು ಮಾಡಿತು. ಸತ್ತವರನ್ನೂ ಗಿರಾಕಿ ಮಾಡುವ ಬುದ್ಧಿ ಇವತ್ತಿನದೇನಲ್ಲ.

‘ಹಳೇ ಬಟ್ಟೆ ಗಲೀಜು’ ಎನ್ನುತ್ತಾರೆ. ಒಗೆದರಾಯಿತಲ್ಲ! ಅಜ್ಜಿಯ ಸೀರೆಗಳ ಕೌದಿ ಹೊದ್ದು ಬೆಳೆದವಳು ನಾನು. ಯಾರು ಉಟ್ಟದ್ದೆಂದು ಗೊತ್ತಿರುವ ಬಟ್ಟೆಯ ಮೇಲೆ ಅಕ್ಕರೆಯೂ ಉಂಟು, ಕತ್ತಲಲ್ಲಿ ಒಂದಿಷ್ಟು ಅಂಜಿಕೆಯೂ ಉಂಟು. ಯಾರೂ ಉಡದ, ಯಾರೂ ಹೊದೆಯದ ಬಟ್ಟೆಯಲ್ಲಿ ಯಾವ ದೆವ್ವ ಬಂದು ಕೂತೀತು?

ಈ ಸಲ ನಮ್ಮ ಬಾಗಿಲಿಗೆ ತೂಗುವುದು ನನ್ನ ಹರಿದ ದಿಂಬಿನ ಗವಸು. ಎರಡು ಸಲ ಒಗೆದೆ. ತಲೆಯೆಣ್ಣೆಯ ಕಲೆ ಹೋಗಲಿಲ್ಲ. ಚಹಾ ಬೇಕಾಗಲಿಲ್ಲ.