ಗಡಿ ಕಾಯುವ ಪರದೇಶಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನನಿಲ್ದಾಣಕ್ಕೆ ಮುಂಡಗೋಡದ ತಿಬೇಟಿ ಬಾಂಧವರೂ ಬರುವರು. ಅವರೊಳಗೊಬ್ಬ ತರುಣನು ರಜೆ ಮುಗಿಸಿ ಲಡಾಖದ ಕಡೆಗೆ ಮರಳುವ ಸಿಪಾಯಿಯಾಗಿದ್ದರೆ ಅವನ ಸ್ಥಿತಿಯು ವಿಚಿತ್ರವಾದುದು. ಭಾರತದ ಗಡಿಯ ಭಾರವು ಅವನ ಹೆಗಲ ಮೇಲಿರುವದು. ಭಾರತದ ಕಾಯದೆಯ ದೃಷ್ಟಿಯಲ್ಲಿ ಆತನು ಪರದೇಶಿಯಾಗಿರಬಹುದು.

ವಾಚಕರು ಇದನ್ನು ಅತಿಶಯೋಕ್ತಿಯೆಂದು ಬಗೆಯಬಾರದು. ಚೀನದೊಡನೆ ಯುದ್ಧವು ನಡೆದಿರುವಾಗಲೇ, 1962ರ ನವೆಂಬರದಲ್ಲಿ, ನಮ್ಮ ಸರಕಾರವು ತಿಬೇಟಿ ನಿರಾಶ್ರಿತರ ವಿಶೇಷ ಗಡಿಪಡೆಯೊಂದನ್ನು ಕಟ್ಟಿತು. 1966ರಲ್ಲಿ ಅಂದಿನ ಮೈಸೂರು ಸರಕಾರವು ಮುಂಡಗೋಡದ ಕಾಡಿನಲ್ಲಿ ಈ ಜನರಿಗೆ ನೆಲೆಯನ್ನು ಕೊಟ್ಟಿತು. 1971ರಲ್ಲಿ ಆ ಪಡೆಯು ಚಿತ್ತಗಾಂಗದ ಬೆಟ್ಟಗಳಲ್ಲಿ ಕಾದಿತು. ಗುಪ್ತಪಡೆಯಾದುದರಿಂದ ಅದರ ಪರಾಕ್ರಮವು ಬಹುಕಾಲ ಜನರ ಕಿವಿಗೆ ಬೀಳಲಿಲ್ಲ. 2020ರ ಆಗಸ್ಟದ ಕೊನೆಗೆ ಪ್ಯಾಂಗಾಂಗ್ ಸರೋವರದ ಬಳಿ ನೆಲಬಾಂಬು ಸಿಡಿದು ತುಕಡಿಯ ನಾಯಕ ನ್ಯಿಮಾ ತೆನ್ಜಿನ್ನರು ಮಡಿದಾಗಲೇ ದೇಶವು ಅತ್ತ ಕಣ್ಣು ಹೊರಳಿಸಿತು. ಅವರ ಶವಪೆಟ್ಟಿಗೆಗೆ ನಮ್ಮ ತ್ರಿವರ್ಣಧ್ವಜವನ್ನೂ ತಿಬೇಟದ ಧ್ವಜವನ್ನೂ ಹೊದಿಸಿದ್ದರು.

ಕಾಯದೆಯು ಏನನ್ನುವದು? 1950ರ ಜನವರಿ 26ರಿಂದ ಮೊದಲ್ಗೊಂಡು 1987ರ ಜುಲೈ 1ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ನಾಗರಿಕನು. ತಿಬೇಟಿಯರಿಗೂ ಇದು ಸಲ್ಲುವದೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು 2010ರಲ್ಲಿಯೂ ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿಯೂ ತೀರ್ಪಿತ್ತವು. ಆದರೆ ಹಿಮಾಲಯವನ್ನು ದಾಟಿ ಬಂದವನಿಗೂ, ಹಾಗೆ ಬಂದ ತಂದೆತಾಯಿಗಳಿಗೆ ಆ ದಿನದ ತರುವಾಯ ಇಲ್ಲಿಯೇ ಹುಟ್ಟಿದ ಮಗನಿಗೂ ಈ ಬಾಗಿಲು ಮುಚ್ಚಿರುವದು. 1955ರ ಪೌರತ್ವ ಕಾಯದೆಯ 6ನೆಯ ಕಲಮಿನಲ್ಲಿ ಇನ್ನೊಂದು ದಾರಿಯುಂಟು. ವಿಜ್ಞಾನ, ತತ್ತ್ವಜ್ಞಾನ, ಕಲೆ, ಸಾಹಿತ್ಯ, ವಿಶ್ವಶಾಂತಿ, ಮಾನವಪ್ರಗತಿ ಇವುಗಳಿಗೆ ವಿಶಿಷ್ಟ ಸೇವೆ ಸಲ್ಲಿಸಿದ ಪರದೇಶಿಗೆ ಎಲ್ಲ ಷರತ್ತುಗಳನ್ನೂ ಮನ್ನಿಸುವ ಅಧಿಕಾರವು ಸರಕಾರಕ್ಕಿದೆ. ಪಂಡಿತನುಂಟು, ಗಾಯಕನುಂಟು, ಸಿಪಾಯಿಯ ಹೆಸರೇ ಆ ಯಾದಿಯಲ್ಲಿಲ್ಲ!

ಅಮೇರಿಕೆಯು 1862ರಲ್ಲಿಯೇ ತನ್ನ ದಂಡಿನಲ್ಲಿ ದುಡಿದ ಪರದೇಶಿಗಳಿಗೆ ಪೌರತ್ವದ ಮಾರ್ಗವನ್ನು ಸುಗಮಗೊಳಿಸಿತು. ಫ್ರಾನ್ಸವು ತನಗಾಗಿ ಕಾದಿ ಗಾಯಗೊಂಡ ಪರಕೀಯ ಸೈನಿಕನಿಗೆ, ಆತನು ಬೇಡಿದರೆ, ಪೌರತ್ವವನ್ನು ಕೊಡುವ ಕಾಯದೆಯನ್ನು 1999ರಲ್ಲಿ ಮಾಡಿತು. ನಮ್ಮ ಗೋರ್ಖಾ ಪಲ್ಟಣಗಳಿಗೆ ನೇಪಾಳದಿಂದ ಬಂದವರ ಮಾತು ಬೇರೆ. ಅವರಿಗೆ ಹಿಂದಿರುಗಲು ದೇಶವಿದೆ. ತಿಬೇಟಿ ಸಿಪಾಯಿಯು ನಿವೃತ್ತನಾಗಿ ಎಲ್ಲಿಗೆ ಹೋಗಬೇಕು?

ತಿಬೇಟಿಯರೇ ಪೌರತ್ವವನ್ನು ಬಯಸುವದಿಲ್ಲ, ತಾಯ್ನಾಡಿಗೆ ಮರಳುವ ಆಸೆಯು ಅವರಿಗಿದೆ ಎಂದು ಕೆಲವರನ್ನುವರು. ಹಲವರ ವಿಷಯದಲ್ಲಿ ಅದು ನಿಜ. ಹರಿದು ಹಂಚಿಹೋದ ನಾಡು ಒಂದಾಗಲೆಂದು 1956ರ ವರೆಗೆ ಕಾದ ಕನ್ನಡಿಗರಿಗೆ ಅಂಥ ಆಸೆಯ ಬೆಲೆ ತಿಳಿಯದೆ? ಬೇಡವೆನ್ನುವವನ ಮೇಲೆ ಹೇರುವದು ಬೇಡ. ಬೇಕೆನ್ನುವವನಿಗಾದರೂ ಕೊಡಬೇಕು, ಪಾಸ್‌ಪೋರ್ಟು ಬೇಕಾದರೆ ನಿರಾಶ್ರಿತರ ವಸತಿಯನ್ನು ಬಿಡತಕ್ಕದ್ದೆಂದು 2017ರಲ್ಲಿ ಹಾಕಿದಂಥ ಷರತ್ತುಗಳಿಲ್ಲದೆ ಕೊಡಬೇಕು. ಹಕ್ಕನ್ನು ಕೊಟ್ಟು ಮನೆಯನ್ನು ಕಸಿಯುವದು ಯಾವ ನ್ಯಾಯ?

6ನೆಯ ಕಲಮಿನ ಆ ಯಾದಿಗೆ ‘ಸೈನಿಕ ಸೇವೆ’ ಎಂಬೆರಡು ಶಬ್ದಗಳನ್ನು ಸೇರಿಸಿದರೆ ಸಾಕು. ಗಡಿಪಡೆಯು ಭೂಸೇನೆಯ ಭಾಗವಲ್ಲವೆಂಬ ತಾಂತ್ರಿಕ ತಕರಾರು ಏಳದಂತೆ ಅದರ ಹೆಸರನ್ನೂ ಸ್ಪಷ್ಟವಾಗಿ ಬರೆಯಬೇಕು. ಧಾರವಾಡ, ಉತ್ತರ ಕನ್ನಡ ಕ್ಷೇತ್ರಗಳ ಲೋಕಸಭಾ ಸದಸ್ಯರು ಕೂಡಿ ಈ ತಿದ್ದುಪಡಿಯನ್ನು ಮಂಡಿಸಲೆಂದು ನಾವು ಕೇಳಿಕೊಳ್ಳುತ್ತೇವೆ.