ಮೊದಲು ಹಾರಿದವರು ಯಾರು ಎಂಬ ಜಗಳದಾಚೆ

ಮುಂಬಯಿ ಕನ್ನಡಿಗರ ಕೂಟಗಳಲ್ಲಿ ವಿಮಾನದ ಮಾತು ಬಂದರೆ ಒಬ್ಬರಾದರೂ ಚೌಪಾಟಿಯ ಕಥೆಯನ್ನು ಎತ್ತದೆ ಇರುವುದಿಲ್ಲ. 1895ರಲ್ಲಿ ಶಿವಕರ ಬಾಪೂಜಿ ತಳಪದೆ ಎಂಬುವರು ಅಲ್ಲಿಯ ಕಡಲತೀರದಲ್ಲಿ ಚಾಲಕನಿಲ್ಲದ ವಿಮಾನವೊಂದನ್ನು ಹಾರಿಸಿದರಂತೆ. ರೈಟ್ ಸಹೋದರರು ಹಾರಿದ್ದು ಅದಾಗಿ ಎಂಟು ವರ್ಷಗಳ ಮೇಲಂತೆ. ನಮಗೆ ಸಲ್ಲಬೇಕಾದ ಕೀರ್ತಿ ಪರರ ಪಾಲಾಯಿತಂತೆ. ಕೇಳಿದವರ ಎದೆ ಉಬ್ಬುತ್ತದೆ. ನನ್ನ ಎದೆಯೂ ಒಂದು ಕಾಲದಲ್ಲಿ ಉಬ್ಬಿದ್ದುಂಟು. ಇಂದು ಹಾಗಾಗದಿರಲು ದೇಶಾಭಿಮಾನ ಕುಂದಿದ್ದು ಕಾರಣವಲ್ಲ. ಹಾರಾಟದ ಆದ್ಯರನ್ನು ನಾವು ಯಾತಕ್ಕಾಗಿ ಗೌರವಿಸಬೇಕು ಎಂಬುದು ತಡವಾಗಿಯಾದರೂ ತಿಳಿಯುತ್ತ ಬಂದಿದೆ.

1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿಯ ಮರಳದಿಣ್ಣೆಗಳ ನಡುವೆ ಆರ್ವಿಲ್ ರೈಟ್ ಹಾರಿದ್ದು ಕೇವಲ 12 ಸೆಕೆಂಡು, 120 ಅಡಿ. ಅದೇ ದಿನದ ನಾಲ್ಕನೆಯ ಯತ್ನದಲ್ಲಿ ಅಣ್ಣ ವಿಲ್ಬರ್ 59 ಸೆಕೆಂಡುಗಳಲ್ಲಿ 852 ಅಡಿ ಕ್ರಮಿಸಿದರು. ಆಮೇಲೆ ಬೀಸಿದ ಗಾಳಿ ಯಂತ್ರವನ್ನು ಉರುಳಿಸಿ ಮುರಿದುಹಾಕಿತು. ಅದು ಮತ್ತೆಂದೂ ಹಾರಲಿಲ್ಲ. ಐವರು ಪ್ರತ್ಯಕ್ಷ ಸಾಕ್ಷಿಗಳಿದ್ದರು, ಒಂದು ಛಾಯಾಚಿತ್ರವಿತ್ತು, ದಿನಚರಿಯಲ್ಲಿ ಬರೆದಿಟ್ಟ ಅಂಕಿಗಳಿದ್ದವು. ನಮ್ಮ ಪಠ್ಯಪುಸ್ತಕಗಳು ಹೇಳುವುದು ಈ 12 ಸೆಕೆಂಡುಗಳನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ತೋರುವುದು ಅದಕ್ಕೂ ಎರಡು ವರ್ಷ ಹಿಂದಿನ ಸೋಲು.

1901ರ ಬೇಸಿಗೆಯಲ್ಲಿ ಅವರ ಗ್ಲೈಡರು ಲೆಕ್ಕ ಹೇಳಿದಷ್ಟು ಭಾರವನ್ನು ಎತ್ತಲಿಲ್ಲ. ಈ ಕೆಲಸವನ್ನೇ ಕೈಬಿಡೋಣವೆಂಬಷ್ಟು ನಿರಾಶೆ ಅಣ್ಣತಮ್ಮಂದಿರನ್ನು ಕವಿದಿತ್ತು. ಅವರು ನೆಚ್ಚಿಕೊಂಡಿದ್ದುದು ಜರ್ಮನಿಯ ಒಟ್ಟೊ ಲಿಲಿಯೆಂತಾಲನ ಕೋಷ್ಟಕಗಳನ್ನು. ಗ್ಲೈಡರುಗಳಲ್ಲಿ ಸುಮಾರು ಎರಡು ಸಾವಿರ ಸಲ ತೇಲಿ, 1896ರಲ್ಲಿ ಬಿದ್ದು ಪ್ರಾಣ ತೆತ್ತವನು ಆತ. ಸತ್ತವನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಇವರು ಹಾಗೆ ಮಾಡದೆ ಡೇಟನ್ ಊರಿನ ತಮ್ಮ ಸೈಕಲ್ ಅಂಗಡಿಯಲ್ಲಿ ಸುಮಾರು ಆರಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಕಟ್ಟಿ, ಅದರೊಳಗೆ ಫ್ಯಾನಿನಿಂದ ಗಾಳಿ ಹಾಯಿಸಿ, ಗರಗಸದ ಅಲಗು ಮತ್ತು ಸೈಕಲ್ ಕಡ್ಡಿಗಳಿಂದ ಮಾಡಿದ ತಕ್ಕಡಿಯಲ್ಲಿ ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಲಿಲಿಯೆಂತಾಲನ ಅಳತೆಗಳು ಬಹುಮಟ್ಟಿಗೆ ಸರಿಯಾಗಿಯೇ ಇದ್ದವು. ಗಾಳಿಯ ಒತ್ತಡವನ್ನು ಲೆಕ್ಕ ಹಾಕಲು ನೂರು ವರ್ಷಕ್ಕೂ ಮಿಕ್ಕಿ ಎಲ್ಲರೂ ಕಣ್ಣುಮುಚ್ಚಿ ಬಳಸುತ್ತಿದ್ದ ಸಂಖ್ಯೆಯೊಂದು ತಪ್ಪಾಗಿತ್ತು: 0.005 ಎಂದು ನಂಬಿದ್ದುದು ನಿಜದಲ್ಲಿ 0.0033ರ ಹತ್ತಿರವಿತ್ತು. ಮುಂದೆ ವಿಲ್ಬರ್ ತಮ್ಮ ಲೇಖನವೊಂದರಲ್ಲಿ ಹತ್ತೊಂಬತ್ತನೆಯ ಶತಮಾನದ ಹಾರಾಟದ ಸಾಧಕರಲ್ಲಿ ಲಿಲಿಯೆಂತಾಲನಿಗೇ ಅಗ್ರಸ್ಥಾನ ಕೊಟ್ಟರು. ಹಿರಿಯರನ್ನು ಪರೀಕ್ಷೆಗೆ ಒಡ್ಡುವುದೂ ಹಿರಿಯರಿಗೆ ಸಲ್ಲಿಸುವ ಗೌರವವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಈ ಬೆಳಕಿನಲ್ಲಿ ಚೌಪಾಟಿಗೆ ಮರಳೋಣ. ತಳಪದೆಯವರ ಹಾರಾಟಕ್ಕೆ ನಂಬಬಹುದಾದ ಸಮಕಾಲೀನ ದಾಖಲೆ ದೊರೆತಿಲ್ಲ. ಅದಕ್ಕೆ ಆಧಾರವೆಂದು ಆಗಾಗ ಮುಂದಿಡುವ ‘ವೈಮಾನಿಕ ಶಾಸ್ತ್ರ’ ಗ್ರಂಥದೊಡನೆ ಕನ್ನಡಿಗರಾದ ನಮಗೆ ಎರಡು ಬಗೆಯ ನಂಟಿದೆ. ಅದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾಯಿಂದ ಹೇಳಿ ಬರೆಯಿಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಅದನ್ನು ಹಾಳೆ ಹಾಳೆಯಾಗಿ ಓದಿ ಪರಿಶೀಲಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು. ಗ್ರಂಥ 1904ಕ್ಕಿಂತ ಹಳೆಯದಾಗಿರಲಾರದು, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವು ಎಂದು ಅವರು 1974ರಲ್ಲಿ ಕಾರಣಸಹಿತವಾಗಿ ಪ್ರಕಟಿಸಿದರು. ಆದರೂ 2015ರಲ್ಲಿ ಮುಂಬಯಿಯಲ್ಲೇ ನಡೆದ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಚೀನ ವಿಮಾನಗಳ ಪ್ರಬಂಧ ಮಂಡನೆಯಾಯಿತು. ಶಾಸ್ತ್ರಿಗಳ ಕಲ್ಪನೆಗೆ ದೊರೆತ ಪ್ರಚಾರದ ಹತ್ತರಲ್ಲೊಂದು ಪಾಲು ಮುಕುಂದರ ಪರಿಶ್ರಮಕ್ಕೆ ದೊರೆಯಲಿಲ್ಲವಲ್ಲ ಎಂಬುದೇ ನನ್ನ ಕೊರಗು. ನಾವು ಹೆಮ್ಮೆಪಡಬೇಕಾದ ಕೆಲಸ ಅದಾಗಿತ್ತು.

ಸುಳ್ಳು ಹೆಮ್ಮೆ ನಮ್ಮೊಬ್ಬರ ರೋಗವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರ ವಿಮಾನ 1903ರ ಅಕ್ಟೋಬರಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಮತ್ತೊಮ್ಮೆ ಪೊಟೋಮ್ಯಾಕ್ ನದಿಗೆ ಬಿತ್ತು. 1914ರಲ್ಲಿ ಅದೇ ಯಂತ್ರಕ್ಕೆ ಹಲವು ಮಾರ್ಪಾಡು ಮಾಡಿ ಹಾರಿಸಿ, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಇದೇ ಎಂದು ಸಂಸ್ಥೆ ಸಾರಿಕೊಂಡಿತು. ನೊಂದ ಆರ್ವಿಲ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟರು. ಸಂಸ್ಥೆ ತನ್ನ ತಪ್ಪನ್ನು ಬರಹದಲ್ಲಿ ಒಪ್ಪಿಕೊಂಡದ್ದು 1942ರಲ್ಲಿ. ವಿಮಾನ ತಾಯ್ನಾಡಿಗೆ ಮರಳಿ ಅಲ್ಲಿ ಪ್ರದರ್ಶನಕ್ಕೆ ನಿಂತದ್ದು 1948ರ ಡಿಸೆಂಬರ್ 17ರಂದು; ಅದನ್ನು ನೋಡಲು ಆರ್ವಿಲ್ ಬದುಕಿರಲಿಲ್ಲ. ತಪ್ಪು ಎಲ್ಲ ನಾಡುಗಳಲ್ಲೂ ಆಗುತ್ತದೆ. ಅದನ್ನು ತಿದ್ದಿಕೊಳ್ಳುವ ಮನಸ್ಸಿನಲ್ಲಿ ನಾಡಿನ ಘನತೆ ಇದೆ.

ತಳಪದೆಯವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆಕಾಶದ ಕನಸು ಕಂಡ ಯಾರೂ ಹಗುರ ಮಾತಿಗೆ ತಕ್ಕವರಲ್ಲ. ನಾಳೆ ಯಾವುದಾದರೂ ಹಳೆಯ ಪೆಟ್ಟಿಗೆಯಲ್ಲಿ ಅವರ ನಕ್ಷೆಯೋ ಲೆಕ್ಕದ ಪುಸ್ತಕವೋ ಸಿಕ್ಕಿ, ಅದು ಪರೀಕ್ಷೆಯಲ್ಲಿ ನಿಂತರೆ, ಚೌಪಾಟಿಗೆ ಹೋಗಿ ಕೈಮುಗಿಯುವವರಲ್ಲಿ ನಾನೂ ಒಬ್ಬ. ಅಲ್ಲಿಯವರೆಗೆ, ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಡಿಸೆಂಬರ್ 17ರಂದು ಆ ಮರದ ಪೆಟ್ಟಿಗೆಯ ಕಥೆಯನ್ನು ಹೇಳೋಣ. ಆನೇಕಲ್ಲಿನ ಗ್ರಂಥವನ್ನು ಬೆಂಗಳೂರಿನಲ್ಲಿ ಒರೆಗೆ ಹಚ್ಚಿದವರ ಕಥೆಯನ್ನೂ ಹೇಳೋಣ. ತಾನು ನಂಬಿದ ಸಂಖ್ಯೆಯನ್ನೇ ಸಂಶಯಿಸಿ ಮತ್ತೊಮ್ಮೆ ಅಳೆದು ನೋಡುವ ಮಗು ನಮ್ಮ ನಡುವೆ ಒಂದು ಬೆಳೆದರೂ ಆ ಹಿರಿಯರ ಸ್ಮರಣೆ ಸಾರ್ಥಕ.