ಏಡಿ ಚಿಪ್ಪ ಎತ್ತಿನ ಬೆನ್ನಿಗ ಕಟ್ಟಬ್ಯಾಡಿ

ಕಾರಿನ ಬಾಡಿ ಅನ್ನದು ಟೋಪಿ ಅಲ್ಲ ಕಣ್ರಪ್ಪ, ಇವನ ತಲೆಯಿಂದ ತಗುದು ಅವನ ತಲೆಗ ಇಡಕ್ಕ. ಹೊರದೇಶದಲ್ಲಿ ಹಳೇ ಕಾರಿನ ಬಾಡಿ ಎತ್ತಿ ಫೋರ್ ವೀಲ್ ಪಿಕಪ್ಪಿನ ಚಾಸಿ ಮ್ಯಾಲ ಕೂರ್ಸದ ನಮ್ಮ ಹೈಕಳು ಫೋನಲ್ಲಿ ನೋಡ್ಬುಟ್ಟು, ಪುಣಜನೂರು ಕಡ ಮಣ್ಣು ದಾರಿಗ ಇದೇ ಸರಿ ಅಂತ ಕುಣೀತಾ ಅವ. ನಾನು ಬ್ಯಾಡ ಅಂತೀನಿ. ಯಾಕ ಅಂತ ಪೂರ್ತಿ ಓದ್ಬುಟ್ಟು ಆಮ್ಯಾಲ ಬೈರಿ.

ನಮ್ಮ ಮನೆಲೇ ಈ ಮಾತು ಎದ್ದದ. ನನ್ನ ಮೈದ್ನ ತೀರ್ಕಂಡ ಮ್ಯಾಲ ಅವನ ಮಾರುತಿ 800 ಹಿತ್ತಲ ಹುಣಸೇಮರದ ಕೆಳಗ ನಿಂತದ. ಅವನ ಮಗ, "ದೊಡ್ಡವ್ವ, ಅಪ್ಪನ ಗಾಡಿನ ಗುಜರಿಗ ಹಾಕಕ್ಕ ನನ್ನ ಕೈಲಾಗಲ್ಲ. ಹಳೇ ಜೀಪಿನ ಚಾಸಿ ಒಂದು ಸಿಕ್ತದ. ಅದರ ಮ್ಯಾಲ ಕೂರ್ಸುದ್ರ ಹೊಲಕ್ಕೂ ಹೋಯ್ತದ, ಬಣ್ಣಾರಿಗೂ ಹೋಯ್ತದ" ಅಂತಾನ. ಅವನ ಆಸೆ ತಪ್ಪಲ್ಲ. ಸತ್ತ ಅಪ್ಪನ ಮ್ಯಾಲಿನ ಆಸೆಗ ರೇಟು ಕಟ್ಟಿ ಮುಂಗಡ ಕೇಳ್ತಾರಲ್ಲ, ಗ್ಯಾರೇಜಿನೋರು, ಅವರ ಮ್ಯಾಲ ನನ್ನ ಸಿಟ್ಟು. "ನಾಕು ಬೋಲ್ಟು ಅಕ್ಕಾ, ಒಂದು ವಾರದ ಕೆಲಸ" ಅಂತಾರ.

ನಾಕು ಬೋಲ್ಟಾ? ಗದ್ದೆ ಏಡಿ ಹಿಡ್ದು ಸಾರು ಮಾಡಿರೋ ಹೆಂಗಸರಿಗ ಇದು ಥಟ್ ಅಂತ ಗೊತ್ತಾಯ್ತದ. ಏಡಿಗ ಒಳಗ ಮೂಳೆ ಇಲ್ಲ, ಚಿಪ್ಪೇ ಮೂಳೆ. ಎತ್ತಿಗ ಮೂಳೆ ಒಳಗ ಅದ. ಮಾರುತಿ 800 ಏಡಿ ಜಾತಿ. ಅದಕ್ಕ ಬೇರೆ ಚಾಸಿ ಅಂತಲೇ ಇಲ್ಲ. ಕಾಲಿಡೋ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬ, ಚಾವಣಿ ಎಲ್ಲವನ್ನೂ ಒಟ್ಟಿಗ ಬೆಸೆದು ಆ ಗೂಡೇ ಭಾರ ಹೊರೋ ಹಂಗ ಮಾಡವರ. ಜೀಪು, ಲಾರಿ ಎತ್ತಿನ ಜಾತಿ. ಉದ್ದಕ್ಕ ಎರಡು ಉಕ್ಕಿನ ತೊಲೆ, ನಡುವ ಅಡ್ಡಪಟ್ಟಿ, ಏಣಿ ಮಲಗಿಸಿದ ಹಂಗ. ಇಂಜಿನ್ನು, ಆಕ್ಸಲ್ಲು, ಸ್ಪ್ರಿಂಗ್ ಪ್ಲೇಟು ಎಲ್ಲ ಆ ಏಣಿಗೇ. ಹಳ್ಳ ದಿಣ್ಣೆಲಿ ಆ ಏಣಿ ಒಸಿ ತಿರುಚ್ಕತದ, ಅದಕ್ಕೇ ಬಾಡಿ ಕೆಳಗ ರಬ್ಬರ್ ಬುಷ್ ಇಟ್ಟು ಬೋಲ್ಟ್ ಹಾಕಿರ್ತಾರ.

ಈಗ ಟೇಪ್ ಹಿಡೀರಿ. 800ರ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗ 2175 ಮಿಲಿಮೀಟರು. ಮಹೀಂದ್ರದ ಹಳೇ ಸಿಜೆ 3ಬಿ ಜೀಪಿಗ 80 ಇಂಚು, ಅಂದ್ರ 2032. ಅರ್ಧ ಗೇಣಿಗಿಂತ ಜಾಸ್ತಿ ವ್ಯತ್ಯಾಸ ಆಯ್ತು. ಗಾಲಿ ಅದರ ಗೂಡಿಗ ಕೂರಲ್ಲ. ಆಗ ಒಂದೋ ಚಾಸಿ ಕುಯ್ದು ಉದ್ದ ಮಾಡಬೇಕು, ಇಲ್ಲ ಬಾಡಿ ಕುಯ್ಯಬೇಕು. ತಿರುಚ್ಕಳೋ ತೊಲೆಗ ಊರ ವೆಲ್ಡಿಂಗು ಎಷ್ಟು ದಿನ ತಡೀತದ? ಇಷ್ಟಕ್ಕೇ ಮುಗಿಯಲ್ಲ. ಜೀಪಿನ ಗೇರ್ ಬಾಕ್ಸು, ಫೋರ್ ವೀಲಿನ ಇನ್ನೊಂದು ಲಿವರು ಮ್ಯಾಲಕ್ಕ ಬರಬೇಕಲ್ಲ, ಅದಕ್ಕ ಕಾರಿನ ನೆಲದ ತಗಡು ಕುಯ್ತಾರ. ಆ ತಗಡೇ ಏಡಿಯ ಮೂಳೆ ಅಂತ ಈಗ ತಾನೆ ಯೋಳ್ದೆ. ಮೂಳೆ ಕುಯ್ದ ಮ್ಯಾಲ ಬಾಗಿಲು ಒಂದು ದಿನ ಮುಚ್ಚಲ್ಲ, ಇನ್ನೊಂದು ದಿನ ತೆಗೆಯಲ್ಲ. ಸ್ಟೇರಿಂಗಿನ ರಾಡು ಹೊಸ ಮೂಲೆಗ ತಿರುಗಬೇಕು, ಬ್ರೇಕಿನ ಪೆಡಲು ಹೊಸ ಜಾಗಕ್ಕ ಬರಬೇಕು. ಅದನ್ನೆಲ್ಲ ಕಣ್ಣಳತೆಲಿ ಮಾಡ್ತಾರ.

ಬಣ್ಣಾರಿ ಅಂದನಲ್ಲ ನಮ್ಮ ಹುಡುಗ, ಅಲ್ಲಿಗ ಹೋಗಕ್ಕ ದಿಂಬಂ ಘಾಟಿ ಇಳೀಬೇಕು. 27 ತಿರುವು. ಕಾರಿನ ನೆಲ ಚಾಸಿ ಮ್ಯಾಲಕ್ಕ ಹೋದ್ರ ಅದರೊಳಗ ಕೂತ ಜನ ಇನ್ನೂ ಮ್ಯಾಲ, ಭಾರವೂ ಮ್ಯಾಲ. ತಿರುವಲ್ಲಿ ಗಾಡಿ ವಾಲ್ತದ. ಹಾಸನೂರು ಕಡ ಕಬ್ಬಿನ ಲಾರಿ ಕಾಯೋ ಆನೆ ದಾರಿಗ ನಿಂತಿದ್ರ, ನಡುಗ್ದಂಗ ನೇರ ಹಿಂದಕ್ಕ ಬರಬೇಕು. ಹಿಂದಿನ ಸೀಟಲ್ಲಿ ಮೊಮ್ಮಕ್ಕಳು ಇರ್ತಾವ.

"ನಾಮಕ್ಕಲ್ಲಲ್ಲಿ ಲಾರಿಗ ಬಾಡಿ ಕಟ್ಟಲ್ವಾ?" ಅಂತ ಕೇಳ್ತಾರ. ಕಟ್ತಾರ, ಚೆನ್ನಾಗೇ ಕಟ್ತಾರ. ಆದ್ರ ಆ ಚಾಸಿನ ಕಂಪನಿಯೋರು ಬಾಡಿ ಕಟ್ಟಿಸ್ಕಳಿ ಅಂತಲೇ ಬರೀ ಚಾಸಿಯಾಗಿ ಮಾರಿರ್ತಾರ. ಎಷ್ಟು ತೂಕ ಹೊರಬೋದು ಅನ್ನೋದು ಮೊದಲೇ ಬರೆದಿರ್ತದ, ಕಟ್ಟಿದ ಮ್ಯಾಲ ಆರ್‌ಟಿಒ ನೋಡಿ ನಂಬರು ಕೊಡ್ತಾರ. ಇನ್ನೊಬ್ಬ ಬುದ್ಧಿವಂತ ಟಾಟಾ ಸಿಯೆರಾ ಹೆಸರು ತಗುದ. ನಿಜ, 1991ರಲ್ಲಿ ಬಂದ ಸಿಯೆರಾ, ಅದರ ಹಿಂದೆ ಬಂದ ಎಸ್ಟೇಟು, 1994ರ ಸುಮೋ, ಎಲ್ಲ ಟಾಟಾ ಪಿಕಪ್ಪಿನ ಚಾಸಿಯಿಂದ ಹುಟ್ಟಿದವೇ. ಆ ಬಾಡಿನ ಆ ಚಾಸಿಗ ಅಂತಲೇ ಮಾಡಿದ್ರು. ಸತ್ತ ಕಾರಿನ ಚಿಪ್ಪ ಕಿತ್ತು ತಂದು ಹಾಕಿರಲಿಲ್ಲ.

ಕಾನೂನಿನ ಮಾತು ಬೇರೆ ಅದ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು, ಕಂಪನಿ ಮಾಡಿ ಕೊಟ್ಟದ್ದಕ್ಕಿಂತ ಗಾಡಿನ ಬೇರೆ ಮಾಡಬ್ಯಾಡಿ ಅಂತದ. 2019ರ ಜನವರಿಲಿ ಸುಪ್ರೀಂ ಕೋರ್ಟೂ ಅದನ್ನೇ ಯೋಳ್ತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೂ ಜೈಲು, ಎರಡೂ ಆಗಬೋದು. ಕಾನೂನು ಅಂದ್ರ ನನಗೇನೂ ಭಾರಿ ಭಕ್ತಿ ಇಲ್ಲ, ಮದುವೆ ದಿಬ್ಬಣ ಟ್ರ್ಯಾಕ್ಟರಲ್ಲಿ ಹೋಗದ ಯಾರೂ ತಡೆಯದ ನೋಡೇ ಬೆಳೆದೋಳು. ಆದ್ರ ಇದ ಯೋಚಿಸಿ. 800ರ ಚಾಸಿ ನಂಬರು ಅದರ ಬಾಡಿ ಮ್ಯಾಲೇ ಹೊಡೆದದ. ಜೀಪಿಂದು ಅದರ ತೊಲೆ ಮ್ಯಾಲ. ಎರಡೂ ಸೇರಿದ್ರ ಒಂದು ಗಾಡಿಗ ಎರಡು ಹುಟ್ಟು. ಯಾವ ಆರ್‌ಸಿ ತೋರಿಸ್ತೀರಿ? ದಾರೀಲಿ ಒಬ್ಬ ಕೂಲಿಯೋನಿಗ ಗುದ್ದುದ್ರ, ವಿಮೆಯೋರು ತಕರಾರು ತೆಗೆಯಕ್ಕ ಇಷ್ಟು ಸಾಕು. ಅವನ ಹೆಂಡ್ತಿ ಮಕ್ಕಳಿಗ ಯಾರು ಕೊಡ್ತಾರ, ನಾಕು ಬೋಲ್ಟಿನೋನಾ?

ಜೀಪು ಬೇಕಾ, ಕಾಗದ ಸರಿ ಇರೋ ಜೀಪನ್ನೇ ತಗಳ್ಳಿ, ಜೀಪಾಗೇ ಓಡ್ಸಿ. ಅಪ್ಪನ ಕಾರು ಬೇಕಾ, ತುಕ್ಕು ಹಿಡಿದ ನೆಲಕ್ಕ ತಗಡು ಹಾಕ್ಸಿ ಚಾಮರಾಜನಗರದ ಸಂತೆಗ ಓಡ್ಸಿ. ಅದು ಮಣ್ಣು ದಾರಿ ಹತ್ತಲ್ಲ ಅಂದ್ರ ನಮ್ಮ ಮೈದ್ನ ಇದ್ದಾಗಲೂ ಹತ್ತುತಿರಲಿಲ್ಲ, ಬೈಕಲ್ಲಿ ಹೋಯ್ತಿದ್ದ.

ಗ್ಯಾರೇಜಿನೋನಿಗ ನಾನು ಒಂದೇ ಕೇಳ್ದೆ: ಎರಡೂ ನಂಬರು ಹಾಕಿ, ಏನೇನು ಕುಯ್ದೆ ಏನೇನು ಬೆಸೆದೆ ಅಂತ ಬರೆದು, ಕೆಳಗ ನಿನ್ನ ಸೈನ್ ಮಾಡಿ ಒಂದು ಬಿಲ್ ಕೊಡಪ್ಪ, ಮುಂಗಡ ನಾನೇ ಕೊಡ್ತೀನಿ. ಬಿಲ್ ಬುಕ್ಕು ಮುಗಿದದ ಅಂದ.